ಬಿಸಿಲಿಗೂ ಒಂದು ಲೆಕ್ಕ

ಕೇಳುಗರಿಗೆ ನಮಸ್ಕಾರ.

ಮಳೆ ಬಂದರೆ ಎಷ್ಟು ಮಿಲಿಮೀಟರ್ ಎಂದು ಕೇಳುತ್ತೇವೆ. ಬಿಸಿಲನ್ನು ಮಾತ್ರ ಎಳೆಬಿಸಿಲು, ಉರಿಬಿಸಿಲು ಎಂದು ಹೇಳಿ ಸುಮ್ಮನಾಗುತ್ತೇವೆ. ಕೆರೆಯ ನೀರು ಆವಿಯಾಗುವುದು, ಮೋಡ ಕಟ್ಟುವುದು, ಗಾಳಿ ಬೀಸುವುದು, ಎಲ್ಲಕ್ಕೂ ಶಕ್ತಿ ಬರುವುದು ಸೂರ್ಯನಿಂದಲೇ. ಆ ಶಕ್ತಿಯನ್ನು ಅಳೆಯದೆ ಹವಾಮಾನ ಅರ್ಥವಾಗುವುದಿಲ್ಲ.

ಹಳೆಯ ಉಪಕರಣವೊಂದು ನನಗೆ ಬಹಳ ಪ್ರಿಯ. ಗಟ್ಟಿ ಗಾಜಿನ ಗೋಳ, ಅದರ ಹಿಂದೆ ಬಾಗಿದ ಚೌಕಟ್ಟಿನಲ್ಲಿ ರಟ್ಟಿನ ಪಟ್ಟಿ. ಗೋಳವು ಬಿಸಿಲನ್ನು ಒಂದೇ ಬಿಂದುವಿಗೆ ಕೂಡಿಸುತ್ತದೆ, ಪಟ್ಟಿ ಸುಡುತ್ತದೆ. ಸೂರ್ಯ ಸಾಗಿದಂತೆ ಸುಟ್ಟ ಗೆರೆಯೂ ಸಾಗುತ್ತದೆ. ಮೋಡ ಅಡ್ಡ ಬಂದಲ್ಲಿ ಗೆರೆ ಕಡಿಯುತ್ತದೆ. ಸಂಜೆ ಗೆರೆಯನ್ನು ಅಳೆದರೆ ಆ ದಿನ ಎಷ್ಟು ಗಂಟೆ ಬಿಸಿಲಿತ್ತೆಂದು ತಿಳಿಯುತ್ತದೆ. 1853ರಲ್ಲಿ ಜಾನ್ ಕ್ಯಾಂಪ್‌ಬೆಲ್ ರೂಪಿಸಿದ ಇದನ್ನು 1879ರಲ್ಲಿ ಜಾರ್ಜ್ ಸ್ಟೋಕ್ಸ್ ಸುಧಾರಿಸಿದರು.

ಈ ಗೆರೆಯಿಂದ ಬಿಸಿಲಿನ ಅವಧಿ ಗೊತ್ತಾಗುತ್ತದೆ, ತೀವ್ರತೆ ಗೊತ್ತಾಗುವುದಿಲ್ಲ. ಅದಕ್ಕೆ ಪೈರಾನೋಮೀಟರ್ ಬೇಕು. ಗಾಜಿನ ಗುಮ್ಮಟದೊಳಗಿನ ಕಪ್ಪು ಫಲಕ ಬಿಸಿಯೇರಿದಷ್ಟೂ ಅದರಡಿಯ, ಶಾಖವನ್ನು ವಿದ್ಯುತ್ತಾಗಿಸುವ ಥರ್ಮೋಪೈಲ್‌ನಲ್ಲಿ ವಿದ್ಯುತ್ ಒತ್ತಡ ಹೆಚ್ಚುತ್ತದೆ. ವಾತಾವರಣದ ಹೊರಗೆ, ಸೂರ್ಯನಿಗೆ ಎದುರಾಗಿರುವ ಪ್ರತಿ ಚದರ ಮೀಟರಿಗೆ ಸುಮಾರು 1361 ವಾಟ್ ಬೀಳುತ್ತದೆ. ಶುಭ್ರ ಮಧ್ಯಾಹ್ನ ನೆಲ ಮುಟ್ಟುವುದು ಸುಮಾರು 1000. ಗುಮ್ಮಟದ ಮೇಲೆ ಧೂಳು ಕುಳಿತರೂ ಅಳತೆ ತಪ್ಪುತ್ತದೆ. ಹಾಗಾಗಿ ಅದನ್ನು ತಪ್ಪದೆ ಒರೆಸುವ ಸಿಬ್ಬಂದಿಯ ಕೈಯಲ್ಲಿ ವಿಜ್ಞಾನದ ದೊಡ್ಡ ಪಾಲಿದೆ ಎಂದೇ ನಾನು ನಂಬುತ್ತೇನೆ.

ಭಾರತದಲ್ಲಿ ಈ ಶಿಸ್ತನ್ನು ಕಟ್ಟಿದವರು ಅಣ್ಣಾ ಮಣಿ. ಬೆಂಗಳೂರಿನಲ್ಲಿ ಸಿ. ವಿ. ರಾಮನ್ ಅವರ ಬಳಿ ವಜ್ರ, ಮಾಣಿಕ್ಯಗಳ ಬೆಳಕಿನ ಗುಣ ಅಧ್ಯಯನ ಮಾಡಿದ್ದ ಅವರು 1948ರಲ್ಲಿ ಪುಣೆಯ ಹವಾಮಾನ ಇಲಾಖೆ ಸೇರಿದರು. ಉಪಕರಣಗಳಿಗೆ ವಿದೇಶವನ್ನೇ ನೆಚ್ಚಿಕೊಂಡಿದ್ದ ಕಾಲ ಅದು. ಸುಮಾರು ನೂರು ಹವಾಮಾನ ಉಪಕರಣಗಳ ನಕ್ಷೆಗಳನ್ನು ಪ್ರಮಾಣೀಕರಿಸಿ, ಇಲ್ಲಿಯೇ ತಯಾರಿಸಲು ದಾರಿ ಮಾಡಿದರು. ಹಲವು ದೇಶಗಳು ಕೂಡಿ ಭೂಮಿಯನ್ನು ಅಧ್ಯಯನ ಮಾಡಿದ 1957–58ರ ಅಂತಾರಾಷ್ಟ್ರೀಯ ಭೂಭೌತ ವರ್ಷದಲ್ಲಿ ದೇಶದುದ್ದಕ್ಕೂ ಸೌರ ವಿಕಿರಣ ಅಳೆಯುವ ಕೇಂದ್ರಗಳ ಜಾಲ ಹರಡಿದರು. 1976ರಲ್ಲಿ ನಿವೃತ್ತರಾದ ಮೇಲೆ ಮತ್ತೆ ಬೆಂಗಳೂರಿಗೆ ಬಂದು, ಗಾಳಿ ಮತ್ತು ಬಿಸಿಲು ಅಳೆಯುವ ಉಪಕರಣಗಳ ಕಾರ್ಖಾನೆ ಆರಂಭಿಸಿದರು. 1980ರಲ್ಲಿ ಪ್ರಕಟವಾದ ಅವರ ಸೌರ ವಿಕಿರಣದ ಕೈಪಿಡಿ ಸೌರಶಕ್ತಿಯ ಎಂಜಿನಿಯರುಗಳಿಗೆ ಆಧಾರವಾಯಿತು.

ತುಮಕೂರು ಜಿಲ್ಲೆಯ ಪಾವಗಡದಲ್ಲಿ ಇಂದು 2050 ಮೆಗಾವಾಟ್ ಸಾಮರ್ಥ್ಯದ ಸೌರ ಪಾರ್ಕ್ ಇದೆ. ಅಂಥಲ್ಲಿ ಮೋಡ ಕವಿದರೆ ನಿಮಿಷಗಳಲ್ಲೇ ಉತ್ಪಾದನೆ ಇಳಿಯುತ್ತದೆ. ನಾಳೆಯ ವಿದ್ಯುತ್ತಿನ ಲೆಕ್ಕ ಹಾಕುವವರಿಗೆ ಈಗ ಮಳೆಯ ಮುನ್ಸೂಚನೆಯಷ್ಟೇ ಬಿಸಿಲಿನ ಮುನ್ಸೂಚನೆಯೂ ಬೇಕು.

ನಮಸ್ಕಾರ.