ಇನ್ಶೂರೆನ್ಸ್ ಇದ್ದರೂ ಆಸ್ಪತ್ರೆ ಬಿಲ್ ನಮ್ಮ ತಲೆಗೇ ಯಾಕೆ?

ನಮಸ್ಕಾರ. ನಿಮ್ಮ ಹತ್ತಿರ 5 ಲಕ್ಷದ ಹೆಲ್ತ್ ಇನ್ಶೂರೆನ್ಸ್ ಇದೆ. ಆಸ್ಪತ್ರೆ ಬಿಲ್ 2 ಲಕ್ಷ ಆಯಿತು. ಪೂರ್ತಿ ಸಿಗಬೇಕು ಅಲ್ವಾ? ಸಿಗದೇ ಇರಬಹುದು. ಕಾರಣ, ನೀವು ಮಲಗಿದ್ದ ರೂಮು.

[ಸ್ಕ್ರೀನ್ ಮೇಲೆ: ಪಾಲಿಸಿಯ ಮಿತಿ ₹5,000 | ರೂಮ್ ಬಾಡಿಗೆ ₹10,000]

ಹಲವು ಪಾಲಿಸಿಗಳಲ್ಲಿ ರೂಮ್ ಬಾಡಿಗೆಗೆ ಮಿತಿ ಇರುತ್ತದೆ. ದಿನಕ್ಕೆ ವಿಮಾ ಮೊತ್ತದ ಶೇ. 1 ಅಂದರೆ, ಇಲ್ಲಿ 5,000 ರೂಪಾಯಿ. ನೀವು 10,000ದ ರೂಮ್ ಹಿಡಿದಿರಿ. ಜಾಸ್ತಿ ಆದ ಬಾಡಿಗೆ ನಾವು ಕೊಟ್ಟರಾಯಿತು ಅಂದುಕೊಳ್ಳುತ್ತೇವೆ. ಹಾಗಲ್ಲ. ಮಿತಿ ಇರುವುದು ಬಾಡಿಗೆಯ ಅರ್ಧಕ್ಕೆ ಮಾತ್ರ, ಹಾಗಾಗಿ ಸರ್ಜನ್ ಫೀ, ಅನಸ್ತೇಶಿಯಾ, ಆಪರೇಷನ್ ಥಿಯೇಟರ್ ಚಾರ್ಜ್‌ನಲ್ಲೂ ಅರ್ಧಕ್ಕರ್ಧ ಕತ್ತರಿಸುತ್ತಾರೆ! ಔಷಧಿ, ಇಂಪ್ಲಾಂಟ್ (ದೇಹದೊಳಗೆ ಕೂರಿಸುವ ಸಾಧನ), ಟೆಸ್ಟ್ ಖರ್ಚನ್ನು ಮಾತ್ರ ಹೀಗೆ ಕತ್ತರಿಸುವಂತಿಲ್ಲ. ಅದು ವಿಮಾ ನಿಯಂತ್ರಕ ಐಆರ್‌ಡಿಎಐ ನಿಯಮ.

ಕಂಪನಿಯನ್ನು ಬೈಯಬೇಕು ಅನಿಸುತ್ತದೆ. ಬೈಯಿರಿ. ಆದರೆ ಈ ಲೆಕ್ಕದ ಬೇರು ಆಸ್ಪತ್ರೆಯಲ್ಲಿದೆ. ಬಹಳಷ್ಟು ಖಾಸಗಿ ಆಸ್ಪತ್ರೆಗಳಲ್ಲಿ ರೂಮ್ ದುಬಾರಿಯಾದಂತೆ ಉಳಿದದ್ದೂ ದುಬಾರಿ. ಅದೇ ಡಾಕ್ಟರ್, ಅದೇ ಥಿಯೇಟರ್, ಅದೇ ಅಪೆಂಡಿಕ್ಸ್. ಜನರಲ್ ವಾರ್ಡ್‌ನವರಿಗೆ ಒಂದು ಫೀ, ಡೀಲಕ್ಸ್ ರೂಮಿನವರಿಗೆ ಇನ್ನೊಂದು. ಎಸಿ ರೂಮಿನವರಿಗೇನು ಬೇರೆ ಹೊಲಿಗೆ ಹಾಕುತ್ತಾರಾ?

ಇನ್ನು ಸರ್ಕಾರದ ಸುಧಾರಣೆ ನೋಡೋಣ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಹೆಲ್ತ್ ಪಾಲಿಸಿಗಳ ಮೇಲಿದ್ದ ಶೇ. 18 ಜಿಎಸ್‌ಟಿ ಹೋಯಿತು. ಮೊದಲೇ ಇದ್ದ ಕಾಯಿಲೆಗೆ ವಿಮೆ ಸಿಗಲು ಕಾಯಬೇಕಾದ ಗರಿಷ್ಠ ಅವಧಿ 2024ರಲ್ಲಿ ನಾಲ್ಕರಿಂದ ಮೂರು ವರ್ಷಕ್ಕೆ ಇಳಿಯಿತು. ಒಳ್ಳೆಯದೇ. ಆದರೆ ಬಿಲ್ ಯಾರು ಕಟ್ಟಬೇಕು ಅನ್ನುವುದಷ್ಟೇ ಇದರಿಂದ ಬದಲಾಯಿತು. ಬಿಲ್ ಇಳಿಯಲಿಲ್ಲ. ಬಿಲ್ ಏರಿದರೆ ಮುಂದಿನ ವರ್ಷ ಪ್ರೀಮಿಯಂ ಕೂಡ ಏರುತ್ತದೆ, ಅಷ್ಟೇ.

ದರಕ್ಕೇ ಕೈ ಹಾಕಿದ ಉದಾಹರಣೆಯೂ ಇದೆ. 2017ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಹೃದಯದ ಸ್ಟೆಂಟ್‌ಗೆ, ಅಂದರೆ ರಕ್ತನಾಳ ತೆರೆದಿಡುವ ಪುಟ್ಟ ಕೊಳವೆಗೆ, ಬೆಲೆ ಮಿತಿ ಹಾಕಿತು. ಲಕ್ಷ ದಾಟಿದ್ದ ಔಷಧಿ ಲೇಪಿತ ಸ್ಟೆಂಟ್ 30,000ದೊಳಗೆ ಬಂತು. ಆಮೇಲೆ ಬಿಲ್‌ನ ಬೇರೆ ಸಾಲುಗಳು ಉಬ್ಬಿದವು ಎಂಬ ದೂರು ಬಂತು. ಒಂದು ವಸ್ತುವಿಗೆ ಮಾತ್ರ ಬೆಲೆ ಕಟ್ಟಿದರೆ ಸಾಲದು.

ಅದೇ ವರ್ಷ ನಮ್ಮ ರಾಜ್ಯದಲ್ಲಿ ಖಾಸಗಿ ಆಸ್ಪತ್ರೆಗಳನ್ನು ನಿಯಂತ್ರಿಸುವ ಕೆಪಿಎಂಇ ಕಾಯ್ದೆಗೆ ತಿದ್ದುಪಡಿ ಬಂತು. ಆರೋಗ್ಯ ಸಚಿವರಾಗಿದ್ದವರು ರಮೇಶ್ ಕುಮಾರ್. ಖಾಸಗಿ ಆಸ್ಪತ್ರೆಗಳ ದರವನ್ನು ಸರ್ಕಾರ ನಿಗದಿ ಮಾಡುವ ಮಾತಿತ್ತು. ನವೆಂಬರ್‌ನಲ್ಲಿ ಡಾಕ್ಟರ್‌ಗಳು ಮುಷ್ಕರ ಹೂಡಿದರು. ಕೊನೆಗೆ ದರ ನಿಗದಿ ಸರ್ಕಾರಿ ಯೋಜನೆಯ ರೋಗಿಗಳಿಗೆ ಸೀಮಿತವಾಯಿತು.

ಡಾಕ್ಟರ್‌ಗಳ ಮಾತಲ್ಲೂ ಹುರುಳಿದೆ. ಸರ್ಕಾರಿ ಯೋಜನೆಯಲ್ಲಿ ಒಂದು ಚಿಕಿತ್ಸೆಗೆ ಒಟ್ಟಾಗಿ ಕೊಡುವ ಪ್ಯಾಕೇಜ್ ದರ ಕಡಿಮೆ, ಹಣ ಕೈಗೆ ಬರುವುದು ತಡ ಎನ್ನುತ್ತಾರೆ. ಸಣ್ಣ ಊರಿನ ನರ್ಸಿಂಗ್ ಹೋಮ್‌ಗೂ ಬೆಂಗಳೂರಿನ ದೊಡ್ಡ ಆಸ್ಪತ್ರೆಗೂ ಒಂದೇ ದರ ಕಟ್ಟುವುದು ನನಗೂ ಸರಿ ಕಾಣುವುದಿಲ್ಲ.

ಹಾಗಾಗಿ ನಾನು ಕೇಳುವುದು ಸಣ್ಣದು. ದರ ಎಷ್ಟು ಅಂತ ಆಸ್ಪತ್ರೆಯೇ ಹೇಳಲಿ. ಆದರೆ ಒಂದು ಆಪರೇಷನ್‌ಗೆ ಒಂದೇ ದರ ಇರಲಿ, ರೂಮ್ ಯಾವುದಾದರೂ ಸರಿ. ರೂಮಿಗೆ ತಕ್ಕಂತೆ ಫೀ ಬದಲಾಗದ ಆಸ್ಪತ್ರೆಯಲ್ಲಿ ವಿಮಾ ಕಂಪನಿಯೂ ಆ ಅರ್ಧದ ಕತ್ತರಿ ಹಾಕುವಂತಿಲ್ಲ. ನಿಯಮ ಈಗಲೇ ಇದೆ.

ಅಲ್ಲಿಯವರೆಗೆ? ಪಾಲಿಸಿಯಲ್ಲಿ ರೂಮ್ ಮಿತಿ ಇದೆಯಾ ಇವತ್ತೇ ನೋಡಿ. ಅಡ್ಮಿಟ್ ಆಗುವ ಮುಂಚೆ ರೂಮ್‌ವಾರು ಎಸ್ಟಿಮೇಟ್ ಕೇಳಿ, ಬರೆದೇ ಕೊಡಲಿ. ಕ್ಲೇಮ್ ಕತ್ತರಿಸಿದರೆ ಮೊದಲು ಕಂಪನಿಗೆ ಲಿಖಿತ ದೂರು. ಅಲ್ಲಿ ಆಗದಿದ್ದರೆ ವಿಮೆಯ ದೂರು ವಿಚಾರಿಸುವ ಓಂಬುಡ್ಸ್‌ಮನ್ ಕಚೇರಿ ಬೆಂಗಳೂರಿನಲ್ಲೇ ಇದೆ. ಅಲ್ಲಿ ದೂರಿಗೆ ಫೀ ಇಲ್ಲ, ವಕೀಲರೂ ಬೇಕಿಲ್ಲ.