ಮಾಮಲ್ಲಪುರದಲ್ಲಿ ಒಂದು ರಾತ್ರಿ ಉಳಿಯಿರಿ

ಕೇಳುಗರಿಗೆ ನಮಸ್ಕಾರ.

ಚೆನ್ನೈಗೆ ಹೋದ ನಮ್ಮವರು ಅರ್ಧ ದಿನ ಬಿಡುವು ಸಿಕ್ಕರೆ ಮಾಮಲ್ಲಪುರಕ್ಕೆ ಹೋಗಿ ಬರುತ್ತಾರೆ. ಅದೇ, ನಾವು ಮಹಾಬಲಿಪುರ ಅನ್ನುವ ಊರು. ಕಡಲ ಗುಡಿಯ ಮುಂದೆ ಒಂದು ಫೋಟೋ, ಕೃಷ್ಣನ ಬೆಣ್ಣೆಮುದ್ದೆ ಅನ್ನುವ ಬಂಡೆಗೆ ಕೈ ಕೊಟ್ಟು ಇನ್ನೊಂದು ಫೋಟೋ, ಆಮೇಲೆ ಬಸ್ಸು. ಮೊದಲ ಸಲ ನಾನೂ ಹಾಗೇ ಬಂದುಬಿಟ್ಟಿದ್ದೆ. ಎರಡನೇ ಸಲ ಅಲ್ಲೇ ಉಳಿದೆ. ಬೆಳಗ್ಗೆ ಬಿಸಿಲೇರುವ ಮೊದಲೇ ಪಂಚರಥಗಳ ಹತ್ತಿರ ಹೋದೆ.

ರಥ ಅಂತ ಹೆಸರು, ಆದರೆ ಅವು ತೇರುಗಳಲ್ಲ. ಭೀಮ, ಅರ್ಜುನ ಅಂತೆಲ್ಲ ಜನ ಆಮೇಲೆ ಕರೆದದ್ದು. 7ನೇ ಶತಮಾನದಲ್ಲಿ ಪಲ್ಲವರು ಇಡೀ ಬಂಡೆಯನ್ನೇ ಕಡಿದು ಮಾಡಿಸಿದ ಗುಡಿಗಳಿವು. ಕಲ್ಲಿನ ಮೇಲೆ ಕಲ್ಲಿಟ್ಟಿಲ್ಲ. ಮೇಲಿಂದ ಕೆತ್ತುತ್ತಾ ಕೆಳಗಿಳಿದಿದ್ದಾರೆ. ಅದಕ್ಕೇ ಭೀಮರಥದ ತಲೆ ಚೆಂದವಾಗಿ ಮುಗಿದಿದೆ, ಬುಡ ಇನ್ನೂ ಒರಟು ಬಂಡೆ. ಅಲ್ಲಿ ಕುಕ್ಕರಗಾಲಲ್ಲಿ ಕೂತು ನೋಡಿ. ಉಳಿ ಬಿದ್ದ ಗುರುತು ಕಾಣುತ್ತದೆ. ಕೆಲಸ ಯಾಕೆ ನಿಂತಿತೋ! ನನಗಂತೂ ಮುಗಿದ ಭಾಗಕ್ಕಿಂತ ಆ ಬುಡವೇ ಜಾಸ್ತಿ ಹಿಡಿಸಿತು.

ಬಾದಾಮಿ ನೋಡಿದವರು ಕಲ್ಲನ್ನು ಮುಟ್ಟಿ ನೋಡಲೇಬೇಕು. ನಮ್ಮದು ಮರಳುಗಲ್ಲು, ಉಳಿಗೆ ಬಗ್ಗುತ್ತದೆ. ಇದು ಗ್ರಾನೈಟು. ಊರಿಗೆ ಹೆಸರು ಕೊಟ್ಟ ಮಾಮಲ್ಲ, ಅಂದರೆ ಪಲ್ಲವ ದೊರೆ ಒಂದನೇ ನರಸಿಂಹವರ್ಮ, ಸುಮಾರು 642ರಲ್ಲಿ ಬಾದಾಮಿಯನ್ನು ಗೆದ್ದವನು. ಅವನ ಶಾಸನ ಬಾದಾಮಿಯ ಬಂಡೆಯ ಮೇಲೆ ಈಗಲೂ ಇದೆ.

ರಥಗಳ ಟಿಕೆಟ್ ಬಿಸಾಡಬೇಡಿ, ಅವತ್ತೇ ಹೋದರೆ ಕಡಲ ಗುಡಿಗೂ ಅದೇ ಸಾಕು. ಅದು 8ನೇ ಶತಮಾನದ್ದು. ಕಲ್ಲು ಜೋಡಿಸಿ ಕಟ್ಟಿದ್ದು. ಪ್ರಾಕಾರದ ಗೋಡೆಯ ಮೇಲೆ ಸಾಲಾಗಿ ನಂದಿಗಳು ಕೂತಿವೆ. ಉಪ್ಪುಗಾಳಿಗೆ ಎಷ್ಟೋ ನಂದಿಗಳ ಮುಖವೇ ಸವೆದುಹೋಗಿದೆ. ನೋಡಿದರೆ ಕರುಳು ಚುರುಕ್ ಅನ್ನುತ್ತದೆ. ಗಾಳಿ ತಡೆಯಲು ಸರ್ವೆ ಮರ ಬೆಳೆಸಿದ್ದಾರೆ, ಅಲೆ ತಡೆಯಲು ಬಂಡೆ ಒಟ್ಟಿದ್ದಾರೆ. ಅದೇ ಕಡಲು 2004ರ ಸುನಾಮಿಯಲ್ಲಿ ಮರಳು ಎಳೆದುಕೊಂಡು ಹೋದಾಗ, ಅಡಿಯಲ್ಲಿದ್ದ ಹಳೇ ಕೆತ್ತನೆಗಳು ಹೊರಬಂದವು.

ಸಂಜೆ ಊರೊಳಗೆ ಸುಮ್ನೆ ನಡೆದೆ. ಬೀದಿಯುದ್ದಕ್ಕೂ ಶಿಲ್ಪಿಗಳ ಶೆಡ್ಡುಗಳು. ಈಗ ಮಷಿನ್ನು ಬಂದಿದೆ, ಕಲ್ಲಿನ ಧೂಳು ಮೂಗಿಗೆ ಅಡರುತ್ತದೆ. ಒಂದು ಕಡೆ ಮಾತ್ರ ಹಿರಿಯರೊಬ್ಬರು ಸುತ್ತಿಗೆ ಉಳಿ ಹಿಡಿದು ಗಣಪತಿಯ ಪೀಠ ಕಡಿಯುತ್ತಿದ್ದರು. ಬೆಳಗ್ಗೆ ಭೀಮರಥದ ಬುಡದಲ್ಲಿ ಕಂಡ ಅದೇ ಗುರುತು, ಅವರ ಕೈಯಡಿ ಒಂದೊಂದಾಗಿ ಬೀಳುತ್ತಿತ್ತು.