ಒಂದೇ ಚುಕ್ಕೆ, ಹಲವು ಬರಹ: ಚಿನ್ನದ ನ್ಯಾನೋಕಡ್ಡಿಯಲ್ಲಿ ಡೇಟಾ

[ತೆರೆಯಲ್ಲಿ: ಸಿಡಿ, ಡಿವಿಡಿ, ಬ್ಲೂ-ರೇ ಪಕ್ಕಪಕ್ಕದಲ್ಲಿ]

ನಮಸ್ಕಾರ. ಸಿಡಿ ಓದೋ ಲೇಸರಿನ ತರಂಗಾಂತರ 780 ನ್ಯಾನೋಮೀಟರ್, ಡಿವಿಡಿಯದು 650, ಬ್ಲೂ-ರೇಯದು 405. ತರಂಗಾಂತರ ಇಳಿದಷ್ಟೂ ಲೇಸರ್ ಚುಕ್ಕೆ ಸಣ್ಣದಾಗುತ್ತೆ, ಡೇಟಾ ಒತ್ತೊತ್ತಾಗಿ ಕೂರುತ್ತೆ. 700 ಎಂಬಿ ಇದ್ದದ್ದು ಪದರಕ್ಕೆ 25 ಜಿಬಿ ಆಗಿದ್ದು ಹೆಚ್ಚುಕಮ್ಮಿ ಹೀಗೇ. ಲೆನ್ಸ್ ಸುಧಾರಿಸಿದ್ದೂ ನೆರವಾಯ್ತು.

ಆದರೆ ತರಂಗಾಂತರದ ಸುಮಾರು ಅರ್ಧಕ್ಕಿಂತ ಚಿಕ್ಕ ಚುಕ್ಕೆ ಮಾಡೋದು ಮಾಮೂಲಿ ಲೆನ್ಸಿನ ಕೈಲಾಗಲ್ಲ. ಜರ್ಮನ್ ಭೌತವಿಜ್ಞಾನಿ ಅರ್ನ್ಸ್ಟ್ ಅಬ್ಬೆ 1873ರಲ್ಲೇ ಹಾಕಿಕೊಟ್ಟ ಲಕ್ಷ್ಮಣರೇಖೆ ಇದು.

ಸರಿ, ಚುಕ್ಕೆ ಇದ್ದಷ್ಟೇ ಇರಲಿ. ಅದೇ ಚುಕ್ಕೆಯಲ್ಲಿ ಒಂದರ ಮೇಲೊಂದು ಬರೆದರೆ? 2009ರಲ್ಲಿ ಮೆಲ್ಬರ್ನಿನ ಸ್ವಿನ್‌ಬರ್ನ್ ವಿಶ್ವವಿದ್ಯಾಲಯದವರು ಇದನ್ನು ಮಾಡಿ ತೋರಿಸಿದರು, ಚಿನ್ನದ ಕಡ್ಡಿಗಳಿಂದ.

[ಅನಿಮೇಷನ್: ಪಾರದರ್ಶಕ ಪಾಲಿಮರ್ ಪದರದಲ್ಲಿ ಅಡ್ಡಾದಿಡ್ಡಿ ಬಿದ್ದಿರುವ ಕಡ್ಡಿಗಳು]

ಹತ್ತಾರು ನ್ಯಾನೋಮೀಟರ್ ಉದ್ದದ ಕಡ್ಡಿಗಳಿವು. ಬೆಳಕು ಬಿದ್ದಾಗ ಚಿನ್ನದೊಳಗಿನ ಎಲೆಕ್ಟ್ರಾನುಗಳು ಕಡ್ಡಿಯುದ್ದಕ್ಕೂ ಒಟ್ಟಿಗೆ ಹೊಯ್ದಾಡುತ್ತವೆ. ಇದೇ ಪ್ಲಾಸ್ಮಾನ್. ಯಾವ ಬಣ್ಣಕ್ಕೆ, ಅಂದರೆ ಯಾವ ತರಂಗಾಂತರಕ್ಕೆ, ಹೊಯ್ದಾಟ ಜೋರಾಗುತ್ತೆ ಅನ್ನೋದು ಕಡ್ಡಿಯ ಉದ್ದ-ದಪ್ಪದ ಅನುಪಾತದ ಮೇಲೆ ನಿಂತಿದೆ. ಸಪೂರ ಕಡ್ಡಿಗೆ ಉದ್ದ ತರಂಗಾಂತರ, ಗಿಡ್ಡ ಕಡ್ಡಿಗೆ ಕಡಿಮೆಯದು. ಜೊತೆಗೆ ಬೆಳಕಿನ ಧ್ರುವೀಕರಣವೂ, ಅಂದರೆ ಬೆಳಕಿನ ಅಲೆ ಕಂಪಿಸುವ ದಿಕ್ಕೂ, ಕಡ್ಡಿ ಮಲಗಿದ ದಿಕ್ಕಿಗೆ ಹೊಂದಬೇಕು.

ಈಗ ಫೆಮ್ಟೋಸೆಕೆಂಡ್ ಲೇಸರಿನ, ಅಂದರೆ ತೀರಾ ಚುಟುಕು ಮಿಡಿತಗಳ ಲೇಸರಿನ, ಒಂದು ಮಿಡಿತ ಬಿಡಿ. ಬಣ್ಣ, ದಿಕ್ಕು ಎರಡೂ ಹೊಂದಿದ ಕಡ್ಡಿ ಮಾತ್ರ ಕಾದು, ಕರಗಿ, ಗಿಡ್ಡಗಾಗುತ್ತೆ. ಪಕ್ಕದಲ್ಲೇ ಇರೋ ಬೇರೆ ಕಡ್ಡಿಗಳಿಗೆ ಏನೂ ಆಗಲ್ಲ! ಓದುವಾಗ ಅದೇ ಲೇಸರ್, ಕರಗಿಸದಷ್ಟು ಕಡಿಮೆ ಶಕ್ತಿಯಲ್ಲಿ. ಉಳಿದುಕೊಂಡ ಕಡ್ಡಿ ಹೊಳೆಯುತ್ತೆ, ಕರಗಿದ್ದು ಮಂಕಾಗಿರುತ್ತೆ. ಈ ಹೊಳಪಿಗೆ ಎರಡು ಫೋಟಾನ್ (ಬೆಳಕಿನ ಕಣ) ಒಟ್ಟಿಗೆ ಬೇಕು. ಅಷ್ಟು ದಟ್ಟ ಬೆಳಕು ಇರೋದು ಫೋಕಸ್ಸಿನಲ್ಲಿ ಮಾತ್ರ. ಹಾಗಾಗಿ ಮೇಲಿನ ಕೆಳಗಿನ ಪದರಗಳು ನಡುವೆ ಬಾಯಿ ಹಾಕಲ್ಲ.

ನನಗೆ ಮಜಾ ಅನಿಸೋದು ಇದು: ನ್ಯಾನೋಕಣ ತಯಾರಿಸುವವರು ಸಾಮಾನ್ಯವಾಗಿ ಎಲ್ಲವೂ ಒಂದೇ ಅಳತೆಗೆ ಬರಲಿ ಅಂತ ಹೆಣಗುತ್ತಾರೆ. ಇಲ್ಲಿ ಬೇರೆ ಬೇರೆ ಅಳತೆಯವನ್ನು ಬೇಕಂತಲೇ ಬೆರೆಸುತ್ತಾರೆ, ದಿಕ್ಕುದೆಸೆ ಇಲ್ಲದೆ ಬಿದ್ದಿದ್ದರೇ ಒಳ್ಳೆಯದು.

[ತೆರೆಯಲ್ಲಿ: 3 × 2 × 3 = 18]

700, 840, 980 ನ್ಯಾನೋಮೀಟರಿನ ಮೂರು ಬಣ್ಣ, ಎರಡು ಧ್ರುವೀಕರಣ, ಮೂರು ಪದರ. ಒಂದೇ ಜಾಗದಲ್ಲಿ 18 ಚಿತ್ರ. ಡಿವಿಡಿ ಗಾತ್ರದ ಡಿಸ್ಕಿನಲ್ಲಿ 1.6 ಟಿಬಿ ಹಿಡಿಸಬಹುದು ಅಂತ ಅವರ ಲೆಕ್ಕ.

ತೊಡಕೂ ಇದೆ. ಕರಗಿದ ಕಡ್ಡಿ ಮತ್ತೆ ಉದ್ದವಾಗಲ್ಲ, ಅಂದರೆ ಒಮ್ಮೆ ಬರೆದರೆ ಬರೆದಂತೆಯೇ. ದಾಖಲೆ ಕಾಪಿಡೋಕೆ ಅದು ಅನುಕೂಲವೇ ಅನ್ನಿ. ಫೆಮ್ಟೋಸೆಕೆಂಡ್ ಲೇಸರ್ ಮಾತ್ರ ದುಬಾರಿ. ಅದಕ್ಕಿಂತ ಗಟ್ಟಿ ತೊಡಕು ಬಣ್ಣದ್ದು: ಪ್ರತಿ ಕಡ್ಡಿಯೂ ತನ್ನ ಬಣ್ಣದ ಆಚೀಚಿನ ಬೆಳಕನ್ನೂ ಒಂದಿಷ್ಟು ಹೀರುತ್ತೆ. ಬಣ್ಣಗಳನ್ನು ತೀರಾ ಹತ್ತಿರ ತಂದರೆ ಒಂದನ್ನು ಬರೆಯುವಾಗ ಇನ್ನೊಂದು ಕೆಡುತ್ತೆ.